ಬೇಲಿಸಾಲಿನಲ್ಲಿ ಸಿಕ್ಕ ಗುಲಾಬಿ

ಇಂಗ್ಲೆಂಡಿನ ನರ್ಸರಿ ಮಾಲೀಕ ಥಾಮಸ್ ರಿವರ್ಸ್ ಗುಲಾಬಿ ಬೆಳೆಸುವವರಿಗಾಗಿ ಒಂದು ಕೈಪಿಡಿ ಬರೆದಿದ್ದ. 1837ರಲ್ಲಿ ಮೊದಲು ಅಚ್ಚಾಗಿ ಮುಂದೆ ಹಲವು ಆವೃತ್ತಿ ಕಂಡ ಪುಸ್ತಕ ಅದು. ಅದರಲ್ಲಿ ಒಂದು ಬೇಲಿಯ ಕತೆಯಿದೆ. ಓದಿದಂದಿನಿಂದ ನನ್ನ ತಲೆಯಿಂದ ಇಳಿದಿಲ್ಲ.

ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪ. ಈಗ ಅದರ ಹೆಸರು ರಿಯೂನಿಯನ್. ಅಲ್ಲಿ ಜಮೀನಿಗೆ ಬೇಲಿ ಹಾಕುವವರು ಎರಡು ಸಾಲು ಗುಲಾಬಿ ನೆಡುತ್ತಿದ್ದರಂತೆ. ಒಂದು ಸಾಲು ಚೀನಾ ಗುಲಾಬಿ, ಇನ್ನೊಂದು ಡಮಾಸ್ಕ್ ಕುಲದ ಕೆಂಪು ಗುಲಾಬಿ. ಪೂರ್ವ ಕರಾವಳಿಯ ಸ್ಯಾಂ ಬೆನ್ವಾ ಎಂಬ ಊರಿನಲ್ಲಿ ಪೆರಿಶೋಂ ಎಂಬ ಜಮೀನ್ದಾರ ಇಂಥದೊಂದು ಬೇಲಿ ನೆಡಿಸುವಾಗ ಎಳೆ ಗಿಡಗಳ ನಡುವೆ ಒಂದು ಬೇರೆಯಾಗಿ ಕಂಡಿತು. ಅದರ ಚಿಗುರೂ ಬೇರೆ, ಎಲೆಯೂ ಬೇರೆ. ಬೇಲಿಗೆ ಹಾಕದೆ ತೋಟದೊಳಗೆ ನೆಡಿಸಿದ. ಮರುವರ್ಷ ಹೂ ಬಿಟ್ಟಾಗ ಅದು ದ್ವೀಪದಲ್ಲಿದ್ದ ಆ ಎರಡೂ ಗುಲಾಬಿಗಳಂತಿರಲಿಲ್ಲ. ದ್ವೀಪದವರು ಅದನ್ನು ರೋಸ್ ಎದುವಾರ್ ಎಂದು ಕರೆದರು. ದಕ್ಷಿಣ ಭಾರತದ ಹೂವಿನ ಮಾರುಕಟ್ಟೆಗಳಲ್ಲಿ ಬಿಡಿ ಹೂವಾಗಿ ತೂಗಿ ಮಾರುವ ಎಡ್ವರ್ಡ್ ರೋಸ್ ಇದೇ. ಕೆಲವರ ಬಾಯಲ್ಲಿ ಇದು ಪನ್ನೀರ್ ಗುಲಾಬಿಯೂ ಹೌದು.

ಆ ಎರಡು ಸಾಲುಗಳ ನಡುವೆ ದುಂಬಿಗಳು ಮಾಡಿದ ಕೆಲಸ ಸಣ್ಣದಲ್ಲ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ಬೇಸಿಗೆಗೊಮ್ಮೆ ಅರಳಿ, ಉಳಿದ ದಿನವೆಲ್ಲ ಬರೀ ಮುಳ್ಳು-ಎಲೆಯಾಗಿ ನಿಲ್ಲುತ್ತಿದ್ದವು. ಡಮಾಸ್ಕಿನ ಈ ಬಗೆಯೊಂದು ಶರತ್ಕಾಲದಲ್ಲಿ ಇನ್ನೊಮ್ಮೆ ಅರಳುತ್ತಿತ್ತು. ಅದರ ಪರಿಮಳವಂತೂ ಅತ್ತರಿನದೇ. ಚೀನಾ ಗುಲಾಬಿಗೆ ಅಂಥ ಪರಿಮಳವಿಲ್ಲ, ಆದರೆ ಅದು ಹೂ ಬಿಡುವುದನ್ನು ನಿಲ್ಲಿಸುವುದೇ ಇಲ್ಲ. ಇದರ ಕಾರಣ ತಿಳಿದದ್ದು ತೀರಾ ಈಚೆಗೆ, 2012ರಲ್ಲಿ. ಹೂ ಬಿಡುವುದನ್ನು ತಡೆಹಿಡಿಯುವ ಕೆಎಸ್‌ಎನ್ ಎಂಬ ಜೀನ್ ಗುಲಾಬಿಯಲ್ಲಿದೆ. ಚೀನಾ ಗುಲಾಬಿಯಲ್ಲಿ ಎಲ್ಲಿಂದಲೋ ಜಿಗಿದು ಬಂದ ಡಿಎನ್‌ಎ ತುಣುಕೊಂದು ಅದರೊಳಗೆ ಸೇರಿಕೊಂಡು ಅದನ್ನು ಕೆಡಿಸಿದೆ. ತಡೆಯುವವರಿಲ್ಲದ ಗಿಡ ಚಿಗುರಿದಾಗಲೆಲ್ಲ ಮೊಗ್ಗು ಕಟ್ಟುತ್ತದೆ. ಈ ಗುಣವೂ ಡಮಾಸ್ಕಿನ ಪರಿಮಳವೂ ಒಂದೇ ಗಿಡದಲ್ಲಿ ಸೇರಿದ್ದು ಆ ಬೇಲಿಯಲ್ಲಿ.

ಸ್ಯಾಂ ಬೆನ್ವಾ ಇರುವುದು ದ್ವೀಪದ ಮಳೆಯ ಮಗ್ಗುಲಲ್ಲಿ. ಆಗ್ನೇಯ ಮಾರುತ ನೇರ ಬಂದು ಅಪ್ಪಳಿಸುವ ಕಡೆ. ರಿಯೂನಿಯನ್ನಿನ ಮಳೆ ಎಂಥದೆಂದರೆ, 1966ರ ಜನವರಿಯಲ್ಲಿ ಚಂಡಮಾರುತ ಬಂದಾಗ ಅಲ್ಲಿನ ಫೋಕ್-ಫೋಕ್ ಎಂಬಲ್ಲಿ 24 ಗಂಟೆಯಲ್ಲಿ 1,825 ಮಿ.ಮೀ. ಸುರಿದದ್ದು ವಿಶ್ವದಾಖಲೆ. ಮಳೆಯ ನಾಡಾದ ಭಾರತದ ಪಶ್ಚಿಮ ಕರಾವಳಿಯ ನಮಗೆ ಇದು ಮುಖ್ಯ. ನಾವು ನರ್ಸರಿಯಿಂದ ತರುವ ಹೈಬ್ರಿಡ್ ಗುಲಾಬಿಗಳು ತಂಪು ನಾಡಿನಲ್ಲಿ, ಇಲ್ಲವೇ ಪಾಲಿಹೌಸಿನ ಮಾಡಿನಡಿ ಬೆಳೆದು ಬಂದವು. ಎಡ್ವರ್ಡ್ ಹುಟ್ಟಿದ್ದೇ ಉಷ್ಣವಲಯದ ಸಮುದ್ರದಂಚಿನ ಮಳೆಯಲ್ಲಿ.

ಬೇಲಿಯ ಕತೆಯಲ್ಲಿ ನನ್ನನ್ನು ಕಾಡುವ ಮಾತು ಬೇರೆ. ಆಗಿನ ಬೂರ್ಬೋನಿನಲ್ಲಿ ಜಮೀನ್ದಾರರು ಗುದ್ದಲಿ ಹಿಡಿಯುತ್ತಿರಲಿಲ್ಲ. ಗುಂಡಿ ತೋಡಿದ್ದು, ಗಿಡ ನೆಟ್ಟದ್ದು, ಕಳೆ ಕಿತ್ತದ್ದು ಆಫ್ರಿಕಾದಿಂದ, ಮಡಗಾಸ್ಕರಿನಿಂದ ಹಿಡಿದು ತಂದ ಗುಲಾಮರು. ಸಾಲಿನಲ್ಲಿ ಒಂದು ಗಿಡದ ಚಿಗುರು ಬೇರೆ ಎಂದು ಗೊತ್ತಾಗಬೇಕಾದರೆ ದಿನವಿಡೀ ಬಗ್ಗಿ ಆ ಗಿಡಗಳನ್ನೇ ನೋಡುತ್ತಿರುವ ಕಣ್ಣು ಬೇಕು. ಆ ಕಣ್ಣು ಪೆರಿಶೋಂನದೇ ಎಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಇದೇ ದ್ವೀಪದಲ್ಲಿ 1841ರಲ್ಲಿ ಎಡ್ಮಂಡ್ ಎಂಬ ಗುಲಾಮ ಹುಡುಗ, ವಯಸ್ಸು ಹನ್ನೆರಡು, ವೆನಿಲ್ಲಾ ಹೂವಿನ ಗಂಡು-ಹೆಣ್ಣು ಭಾಗಗಳ ನಡುವಿನ ತೆರೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಿನಲ್ಲಿ ಒತ್ತಿ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಹಿಡಿದ. ನಮ್ಮ ಮಲೆನಾಡಿನ ವೆನಿಲ್ಲಾ ತೋಟಗಳಲ್ಲೂ ಬಳಸಿದ್ದು ಅದೇ ಕೈಚಳಕ. ಆ ಹುಡುಗನ ಹಿರಿಮೆಯನ್ನೂ ಬೇರೆಯವರು ತಮ್ಮದೆಂದು ಹೇಳಿಕೊಂಡರು, ಆದರೆ ಅವನ ಹೆಸರಾದರೂ ಉಳಿಯಿತು. ಗುಲಾಬಿಯ ಬೇಲಿ ನೆಟ್ಟವರದು ಅದೂ ಉಳಿಯಲಿಲ್ಲ. 1848ರ ಡಿಸೆಂಬರ್ 20ರಂದು ದ್ವೀಪದಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆ ಹೊಂದಿದವರು 60,000ಕ್ಕೂ ಹೆಚ್ಚು.

1817ರಲ್ಲಿ ಫ್ರಾನ್ಸ್ ಸರ್ಕಾರದ ಸಸ್ಯಶಾಸ್ತ್ರಜ್ಞ ಬ್ರೆಯೋಂ ದ್ವೀಪಕ್ಕೆ ಬಂದ. ಈ ಗಿಡವನ್ನು ಹೆಚ್ಚಿಸಿ, ಬೀಜವನ್ನು ಪ್ಯಾರಿಸ್ ಬಳಿಯ ನ್ಯೂಯಿ ಅರಮನೆಯ ತೋಟಗಾರ ಜಾಕ್‌ಗೆ ಕಳಿಸಿದ. ಯಾವಾಗ ಎಂಬಲ್ಲಿ ತಕರಾರು. ರಿವರ್ಸ್ ಪ್ರಕಾರ 1822. ಜಾಕ್ ತಾನೇ ಹೇಳಿದ್ದು 1819ರ ಕೊನೆ. ಬಂದ ಬೀಜಗಳ ಗಂಟಿನಲ್ಲಿ ಹೆಸರಿಲ್ಲದ ನಾಲ್ಕಾರು ಗುಲಾಬಿ ಬೀಜ ಇದ್ದವು, ಬಿತ್ತಿದೆ, 1821ರಲ್ಲಿ ಹೂ ಕಂಡೆ ಎನ್ನುತ್ತಾನೆ. ಬಿತ್ತಿದವನ ಮಾತನ್ನೇ ನಾನು ನಂಬುತ್ತೇನೆ. ಗುಲಾಬಿ ಚಿತ್ರಗಳಿಗೆ ಹೆಸರಾದ ರೆದೂತೆ ಅದನ್ನು ಬರೆದ ಮೇಲೆ ಬೂರ್ಬೋನ್ ಗುಲಾಬಿ ಊರೂರಿಗೆ ಹರಡಿತು. 

ಇನ್ನೊಂದು ದೊಡ್ಡ ಜಗಳ ಕಲ್ಕತ್ತೆಯದು. ಚೀನಾದ ಕ್ಯಾಂಟನ್ನಿನಿಂದ ಹೊರಟ ಗಿಡಗಳು ಯುರೋಪಿಗೆ ಹೋಗುವ ದಾರಿಯಲ್ಲಿ ಹಡಗಿನ ಉಪ್ಪುಗಾಳಿಗೆ ಬಾಡುತ್ತಿದ್ದವು. 1787ರಲ್ಲಿ ಹುಟ್ಟಿದ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಅವನ್ನು ಇಳಿಸಿ ಸುಧಾರಿಸಿ ಮುಂದೆ ಕಳಿಸುತ್ತಿದ್ದರು. ಹಾಗಾಗಿ ಈ ಬೆರಕೆ ಮೊದಲು ಆದದ್ದು ಭಾರತದಲ್ಲೇ, ಬೂರ್ಬೋನಿಗೆ ಹೋದದ್ದು ಇಲ್ಲಿಂದ ಎಂದು ವಾದಿಸುವವರಿದ್ದಾರೆ. ಎರಡೂ ತಾಯಿಗಿಡಗಳು ಇಲ್ಲಿದ್ದವಾದ್ದರಿಂದ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಬೇಲಿಯ ಕತೆಗೆ ಊರಿದೆ, ಸಾಲಿದೆ, ಗಿಡವನ್ನು ಬೇರೆ ತೆಗೆದಿಟ್ಟ ಗಳಿಗೆಯಿದೆ. ನಾನು ಅತ್ತಲೇ ವಾಲುತ್ತೇನೆ.

ಯುರೋಪಿನಲ್ಲಿ ಆದದ್ದನ್ನು ಬೇಗ ಹೇಳಿ ಮುಗಿಸಬಹುದು. 1843ರಲ್ಲಿ ಲಿಯೋಂ ನಗರದ ಬೆಲೂಜ್ ‘ಸುವೆನೀರ್ ದ ಲಾ ಮಾಲ್ಮೆಸೋಂ’ ಎಂಬ ಬೂರ್ಬೋನ್ ತಳಿ ತೆಗೆದ. 1868ರಲ್ಲಿ ಮುಳ್ಳಿಲ್ಲದ ‘ಜೆಫಿರಿನ್ ದ್ರುಏಂ’ ಬಂತು. 1867ರ ‘ಲಾ ಫ್ರಾನ್ಸ್’ ಜೊತೆಗೆ ಹೈಬ್ರಿಡ್ ಟೀ ಎಂಬ ಗುಲಾಬಿ ವರ್ಗದ ಯುಗ ಶುರುವಾಯಿತು. ಉದ್ದ ಕಡ್ಡಿ, ಚೂಪು ಮೊಗ್ಗು, ಹೂದಾನಿಯಲ್ಲಿ ವಾರ ನಿಲ್ಲುವ ಹೂ. ಇದಕ್ಕಾಗಿ ತೆತ್ತದ್ದೂ ಕಡಿಮೆಯಲ್ಲ. ಎಷ್ಟೋ ತಳಿಗಳಲ್ಲಿ ಪರಿಮಳ ಹೋಯಿತು, ಕರಿಚುಕ್ಕೆ ರೋಗವನ್ನು ತಡೆಯುವ ಶಕ್ತಿ ಹೋಯಿತು. ಸ್ವಂತ ಬೇರಿನ ಮೇಲೆ ಚೆನ್ನಾಗಿ ಬದುಕುವ ತ್ರಾಣವೂ ಹಲವಕ್ಕೆ ಉಳಿಯಲಿಲ್ಲ.

ಸಣ್ಣ ಅಂಗಳದವರಿಗೆ ಕೊನೆಯ ಮಾತೇ ದೊಡ್ಡದು. ಕಸಿ ಗುಲಾಬಿಯ ಬುಡವನ್ನು ಬಗ್ಗಿ ನೋಡಿ. ನೆಲದ ಮಟ್ಟದಲ್ಲಿ ಒಂದು ಗಂಟಿರುತ್ತದೆ. ಕಣ್ಣುಕಸಿ ಕೂರಿಸಿದ ಜಾಗ. ಮೇಲಿನದು ಹೂವಿನ ತಳಿ, ಕೆಳಗಿನದು ಬೇರೊಂದು ಗಟ್ಟಿ ಗುಲಾಬಿ. ಮಳೆಗಾಲದಲ್ಲಿ ತುದಿಯಿಂದ ಕಪ್ಪಾಗುತ್ತ ಬಂದ ಗೆಲ್ಲು ಆ ಗಂಟಿನವರೆಗೆ ಒಣಗಿತೆಂದರೆ ಕತೆ ಮುಗಿಯಿತು. ಮತ್ತೆ ಚಿಗುರುವುದು ಬುಡದ ಗಿಡ, ನೀವು ದುಡ್ಡು ಕೊಟ್ಟು ತಂದದ್ದಲ್ಲ. ಕಡ್ಡಿ ನೆಟ್ಟು ಬೆಳೆಸಿದ ಎಡ್ವರ್ಡ್‌ಗೆ ಗಂಟಿಲ್ಲ. ಹಸು ಮೇಯಲಿ, ಕೊಂಬೆ ಬಿದ್ದು ಮುರಿಯಲಿ, ಬೇರಿನಿಂದ ಬರುವುದು ಮತ್ತೆ ಅದೇ ಗಿಡ, ಅದೇ ಹೂ.

ನೆಡುವ ಕೆಲಸವೂ ಸುಲಭ. ಮಳೆ ಹಿಂದಾದ ಮೇಲೆ, ಹೂ ಬಿಟ್ಟು ಮುಗಿದ ಗೆಲ್ಲಿನಿಂದ ಪೆನ್ಸಿಲ್ ದಪ್ಪದ ಕಡ್ಡಿ ತೆಗೆದು, ನಾಲ್ಕೈದು ಗಿಣ್ಣಿರುವಂತೆ ಕತ್ತರಿಸಿ, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ಊರಬೇಕು. ಬೇರು ಬಿಟ್ಟ ಮೇಲೆ ಬಿಸಿಲಿನ ಜಾಗಕ್ಕೆ. ನಮ್ಮ ಮರಳು ಮಣ್ಣಿನಲ್ಲಿ ನೀರು ನಿಲ್ಲದಿರುವುದು ಒಳ್ಳೆಯದೇ, ಆದರೆ ಸಾರವೂ ನಿಲ್ಲುವುದಿಲ್ಲ. ಹಟ್ಟಿಗೊಬ್ಬರ, ಸುಡುಮಣ್ಣು ಆಗಾಗ ಬೇಕು. ಉಪ್ಪು ಮಾತ್ರ ಇದಕ್ಕೆ ಆಗದು. ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುವ ಮನೆಗಳಲ್ಲಿ ಎಲೆಯಂಚು ಸುಟ್ಟಂತಾಗುತ್ತದೆ, ಅಂಥಲ್ಲಿ ಕುಡಿಯುವ ನೀರನ್ನೇ ಹಾಕಬೇಕು. ಕಡಲಗಾಳಿ ನೇರ ಬೀಸುವ ಕಡೆಗಿಂತ ಮನೆಯ ಮರೆಯಲ್ಲಿ ನೆಡುವುದು ವಾಸಿ. ಆಷಾಢದಲ್ಲಿ ಎಲೆಗೆ ಕರಿಚುಕ್ಕೆ ಬಿದ್ದು ಉದುರಿದರೆ ಔಷಧಿ ಸಿಂಪಡಿಸಲು ಓಡಬೇಕಿಲ್ಲ. ಉದುರಿದ್ದನ್ನು ಗುಡಿಸಿ ಸುಟ್ಟು, ಮಳೆ ಇಳಿದಾಗ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಹೊಸ ಚಿಗುರಿನೊಡನೆ ಮೊಗ್ಗು ಬರುತ್ತದೆ.

ಇಂಥ ಗಿಡ ಅಂಗಳಗಳಿಂದ ಮರೆಯಾಗುತ್ತಿರುವುದು ನನಗೆ ಸಂಕಟದ ವಿಷಯ. ಬೆಳಿಗ್ಗೆ ಅರಳಿದ ಹೂ ಸಂಜೆಗೆ ಸಡಿಲವಾಗುತ್ತದೆ, ಮುಟ್ಟಿದರೆ ದಳ ಉದುರುತ್ತದೆ ಎಂದು ಜನ ದೂರುತ್ತಾರೆ. ದೇವರ ತಲೆಗೆ, ಹಾರಕ್ಕೆ, ಸಕ್ಕರೆಯೊಡನೆ ಪದರ ಪದರವಾಗಿ ಭರಣಿಯಲ್ಲಿಟ್ಟು ಬಿಸಿಲಿಗೆ ಮಾಗಿಸುವ ಗುಲ್ಕಂದಿಗೆ ಅದೇ ಬೇಕಾದದ್ದು. ಉತ್ತರ ಭಾರತದ ನರ್ಸರಿಗಳಲ್ಲಿ ಎಡ್ವರ್ಡ್ ಇವತ್ತಿಗೂ ಲೆಕ್ಕವಿಲ್ಲದಷ್ಟು ಬೆಳೆಯುತ್ತದೆ, ಆದರೆ ಕಸಿಯ ಬುಡಗಿಡವಾಗಿ. ಬೇರು ಗಟ್ಟಿಯೆಂದು ಅದನ್ನು ಬೆಳೆಸಿ, ಮೈಗೆ ಬೇರೆ ಗುಲಾಬಿಯ ಕಣ್ಣು ಕೂರಿಸಿ, ಅದು ಹಿಡಿದ ಮೇಲೆ ಎಡ್ವರ್ಡ್‌ನ ತಲೆ ಕತ್ತರಿಸುತ್ತಾರೆ. ಅಲ್ಲಿಂದ ಮುಂದೆ ಬುಡದಲ್ಲಿ ಅದರ ಚಿಗುರು ಕಂಡರೆ ಕಳೆಯೆಂದು ಕಿತ್ತು ಎಸೆಯುವುದೇ ವಾಡಿಕೆ. ಹಳೆಯ ಮನೆಗಳ ಹಿತ್ತಿಲಲ್ಲಿ, ದೇವಸ್ಥಾನದ ಹೂದೋಟದಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಗಿಡ ಇದ್ದರೆ, ಈ ದೀಪಾವಳಿಯ ಹೊತ್ತಿಗೆ ಹೋಗಿ ಕೇಳಿ ಎರಡು ಕಡ್ಡಿ ತಂದು ಊರಿ.