ಮಾಜಿ ಯೋಧರ ಸಂಘಟನೆ ಮತ್ತು ಸಾಲದ ಖಾತರಿ

1919ರಲ್ಲಿ ಅಮೆರಿಕದ ಮಾಜಿ ಯೋಧರು ಸ್ಥಾಪಿಸಿದ 'ಅಮೆರಿಕನ್ ಲೀಜನ್' ಸಂಸ್ಥೆಯು ಬಾಲಕರ ಬೇಸ್‌ಬಾಲ್ ಪಂದ್ಯಾವಳಿಯಂತಹ ಸಮಾಜಸೇವೆಯ ಜೊತೆಗೆ ಯೋಧರ ಹಕ್ಕುಗಳಿಗಾಗಿಯೂ ಶ್ರಮಿಸಿದೆ. ಮೊದಲನೆಯ ಮಹಾಯುದ್ಧದ ಯೋಧರಿಗೆ 1924ರಲ್ಲಿ ಮಂಜೂರಾದ ಪರಿಹಾರಧನದ ಬಹುಪಾಲನ್ನು 1945ರಲ್ಲಿ ಪಾವತಿಸುವುದೆಂದು ಗೊತ್ತುಪಡಿಸಲಾಗಿತ್ತು. ಆ ಕಹಿ ಅನುಭವ ಮರುಕಳಿಸದಿರಲೆಂದು, ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ ಸಂಸ್ಥೆಯ ಹ್ಯಾರಿ ಕೋಲ್ಮರಿಯವರು ಹೊಸ ಮಸೂದೆಯ ಕರಡನ್ನು ಸಿದ್ಧಪಡಿಸಿದರು. 1944ರ ಜೂನ್ 22ರಂದು ಅದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್‌ರ ಅಂಕಿತ ದೊರೆಯಿತು.

ಶಿಕ್ಷಣದ ನೆರವಲ್ಲದೆ, ಮನೆ, ಕೃಷಿ ಹಾಗೂ ವ್ಯಾಪಾರದ ಸಾಲದಲ್ಲಿ ಶೇ. 50ರಷ್ಟಕ್ಕೆ, 2,000 ಡಾಲರ್ ಮಿತಿಯೊಳಗೆ, ಸರ್ಕಾರವು ಖಾತರಿ ನೀಡಿತು. ಆದರೆ ಮಂಜೂರಾತಿಯ ಅಧಿಕಾರ ಬ್ಯಾಂಕುಗಳಲ್ಲೇ ಉಳಿದುದರಿಂದ ಅನೇಕ ಕಪ್ಪುವರ್ಣೀಯ ಯೋಧರಿಗೆ ಸಾಲ ದೊರೆಯಲಿಲ್ಲ. ಖಾತರಿಯು ಬ್ಯಾಂಕಿನ ನಷ್ಟಭಯವನ್ನು ತಗ್ಗಿಸುವುದೇ ಹೊರತು ಅರ್ಜಿದಾರನಿಗೆ ಸಾಲದ ಹಕ್ಕನ್ನು ನೀಡುವುದಿಲ್ಲವೆಂಬುದನ್ನು ಉದ್ಯಮಿಗಳು ಗಮನಿಸಬೇಕು.