ಹನ್ನೆರಡು ಮಕ್ಕಳು, ಒಂದು ಗುಡ್ಡ: ಕಿರುಗುಂಪಿನ ಚಾರಣವನ್ನು ಪಾಠವಾಗಿಸುವ ಬಗೆ

ಬೆಂಗಳೂರಿನವರಿಗೆ ಒಂದು ದಿನದ ಚಾರಣ ಈಗ ಹೊಸದೇನಲ್ಲ. ಭಾನುವಾರ ನಸುಕಿನಲ್ಲಿ ಒಂದು ಮಿನಿಬಸ್ಸು ಹತ್ತು ಹದಿನೈದು ಜನರನ್ನು ಹತ್ತಿಸಿಕೊಂಡು ಸಾವನದುರ್ಗಕ್ಕೋ ಮಾಕಳಿದುರ್ಗಕ್ಕೋ ಹೊರಡುತ್ತದೆ. ದಾರಿ ಬಲ್ಲ ಮಾರ್ಗದರ್ಶಿಯೊಬ್ಬರು ಜೊತೆಗಿರುತ್ತಾರೆ. ಬೆಟ್ಟ ಹತ್ತಿ ಇಳಿದು ಸಂಜೆಯೊಳಗೆ ಎಲ್ಲರೂ ಮನೆ ಸೇರುತ್ತಾರೆ. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸವೂ ಹೊರಗೆ ಕರೆದೊಯ್ಯುವ ಕೆಲಸವೇ. ಆದರೆ ಅಲ್ಲಿ ಬಸ್ಸು ದೊಡ್ಡದು, ಮಕ್ಕಳ ಸಂಖ್ಯೆ ದೊಡ್ಡದು, ನೋಡಬೇಕಾದ ಸ್ಥಳಗಳ ಪಟ್ಟಿಯೂ ದೊಡ್ಡದು.

ಬಿಎಸ್‌ಸಿ ಓದುವಾಗ ಇಂಥ ಎರಡು ಚಾರಣಗಳಲ್ಲಿ ನಾನು ಭಾಗವಹಿಸಿದ್ದೆ. ಹೊಳೆನರಸೀಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಅದೇ ರಚನೆಯನ್ನು ಎಂಟನೇ ತರಗತಿಗೆ ಹೊಂದಿಸಿಕೊಂಡೆ. ಆ ರಚನೆ ಯಾವುದು, ಅದನ್ನು ಹೇಗೆ ಅಳವಡಿಸಬಹುದು, ಅದರಿಂದ ಯಾವ ಮಕ್ಕಳಿಗೆ ಏನು ದಕ್ಕುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಚಾರಣದ ರಚನೆ

ಒಳ್ಳೆಯ ಮಾರ್ಗದರ್ಶಿತ ಚಾರಣದಲ್ಲಿ ನಾಲ್ಕು ಅಂಶಗಳಿರುತ್ತವೆ. ಮೊದಲನೆಯದು, ಮಾರ್ಗದರ್ಶಿ ಮುಂದೆ ನಡೆದರೆ ಇನ್ನೊಬ್ಬ ಜವಾಬ್ದಾರಿಯುತ ವ್ಯಕ್ತಿ ಕಟ್ಟಕಡೆಗೆ ನಡೆಯುತ್ತಾರೆ. ಎಲ್ಲರೂ ಇವರಿಬ್ಬರ ನಡುವೆಯೇ ಇರಬೇಕು. ಎರಡನೆಯದು, ನಡಿಗೆಯ ವೇಗವನ್ನು ನಿರ್ಧರಿಸುವುದು ಗುಂಪಿನ ಅತಿ ನಿಧಾನದ ವ್ಯಕ್ತಿ. ಮೂರನೆಯದು, ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ನಾಲ್ಕನೆಯದು, ಹಿಂದಿರುಗುವ ಸಮಯ ಬದಲಾಗುವುದಿಲ್ಲ. ತುದಿ ಮುಟ್ಟದಿದ್ದರೂ ಆ ಹೊತ್ತಿಗೆ ತಿರುಗಿ ಬರಬೇಕು.

ಸಮಯದ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಾನು ಆರಿಸಿಕೊಂಡ ಗುಡ್ಡ ಶಾಲೆಯಿಂದ 3 ಕಿ.ಮೀ. ದೂರ, ಏರಿಕೆ ಸುಮಾರು 100 ಮೀಟರ್. ಸೂತ್ರದ ಪ್ರಕಾರ 46 ನಿಮಿಷ ಸಾಕು. ಆದರೆ ಅದು ರೂಢಿಯಿರುವ ವಯಸ್ಕರ ಲೆಕ್ಕ. ಮಕ್ಕಳಿಗೆ ಅದರ ಎರಡರಷ್ಟು, ಅಂದರೆ ಒಂದೂವರೆ ಗಂಟೆ ಇಟ್ಟುಕೊಂಡೆ. ಶನಿವಾರ ಬೆಳಿಗ್ಗೆ 8ಕ್ಕೆ ಹೊರಟರೆ ಬಿಸಿಯೂಟದ ಹೊತ್ತಿಗೆ ಶಾಲೆಗೆ ವಾಪಸಾಗಬಹುದಿತ್ತು.

ಸಂಖ್ಯೆ ಏಕೆ ಮುಖ್ಯ

ತರಗತಿಯಲ್ಲಿದ್ದವರು 36 ಮಕ್ಕಳು. ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಒಂದೂವರೆ ಮೀಟರ್ ಅಂತರದಲ್ಲಿ ನಡೆದರೆ ಆ ಸಾಲು 50 ಮೀಟರಿಗೂ ಉದ್ದವಾಗುತ್ತದೆ. ಮುಂದೆ ಹೇಳಿದ ಮಾತು ಹಿಂದಿನವರಿಗೆ ಕೇಳಿಸದು. ಮುಂದಿನವರು ನೋಡಿದ ಹಕ್ಕಿ ಹಿಂದಿನವರು ಬರುವಷ್ಟರಲ್ಲಿ ಹಾರಿಹೋಗಿರುತ್ತದೆ. ಹನ್ನೆರಡು ಮಕ್ಕಳಾದರೆ ಸಾಲು 18 ಮೀಟರಿನೊಳಗೆ ಮುಗಿಯುತ್ತದೆ. ನಿಂತಾಗ ಎಲ್ಲರೂ ಒಂದೇ ಬಂಡೆಯ ಸುತ್ತ ಕುಳಿತು ಅದನ್ನು ಮುಟ್ಟಬಹುದು. ಹಾಗಾಗಿ ತರಗತಿಯನ್ನು ಮೂರು ಗುಂಪು ಮಾಡಿ ಮೂರು ಶನಿವಾರಗಳಿಗೆ ಹಂಚಿದೆ. ಉಳಿದ 24 ಮಕ್ಕಳಿಗೆ ಆ ಹೊತ್ತಿನಲ್ಲಿ ಸಹ-ಪ್ರಶಿಕ್ಷಣಾರ್ಥಿಯೊಬ್ಬರು ತರಗತಿ ನಡೆಸಿದರು.

ಸಂಖ್ಯೆ ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ನಿದರ್ಶನ ನಮ್ಮ ಪಕ್ಕದಲ್ಲೇ ಇದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆನಂತರ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ತಂದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಆ ಮಿತಿ ಕಾಡಿನ ಹಿತಕ್ಕೆ. ಕಲಿಕೆಯ ಹಿತಕ್ಕೆ ಬೇಕಾದ ಮಿತಿ ಇನ್ನೂ ಬಹಳ ಸಣ್ಣದು. ಒಂದು ಕಲ್ಲಿನ ಸುತ್ತ ಎಷ್ಟು ಮಕ್ಕಳು ಕೂರಬಹುದೋ ಅಷ್ಟು.

ಕಾಲ ಕೆಳಗಿನ ಶಿಲೆ

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಶಿಲೆಗಳ ಪಾಠವಿದೆ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂಬ ಮೂರು ಹೆಸರು ಮಕ್ಕಳಿಗೆ ಬಾಯಿಪಾಠ. ಆದರೆ ತಮ್ಮ ಊರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿದೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಹೊಳೆನರಸೀಪುರ ಷಿಸ್ಟ್ ಪಟ್ಟಿ' ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲಾಪಟ್ಟಿಗಳಲ್ಲಿ ಒಂದು. ಇಲ್ಲಿನ ಷಿಸ್ಟ್‌ಗಳೂ ಗೊರೂರು, ಹಾಸನದ ಕಡೆಯ ಪಟ್ಟೆಪಟ್ಟೆಯ ಬೂದು ನೈಸ್ ಶಿಲೆಗಳೂ 300 ಕೋಟಿ ವರ್ಷಗಳಿಗಿಂತ ಹಳೆಯವು. ಗೊರೂರಿನ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೇಲಿ, ಫಲಕ ಹಾಕಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿರುವ ಬಂಡೆಯೂ ಇದೇ ನೈಸ್ ಕುಟುಂಬಕ್ಕೆ ಸೇರಿದ್ದು. ನಮ್ಮಲ್ಲಿ ಅದರ ಮೇಲೆ ರಾಗಿ ಒಣಗಿಸುತ್ತಾರೆ.

ಜಿಲ್ಲೆಯ ಬೇರೆ ಕಡೆಗಳಿಗೂ ಈ ಪಾಠ ಹಬ್ಬುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ ಇದೆ. ಕ್ರೋಮೈಟಿನಿಂದ ಸಿಗುವ ಕ್ರೋಮಿಯಂ ಬೆರೆಸದೆ ಮಕ್ಕಳು ಬಿಸಿಯೂಟಕ್ಕೆ ಹಿಡಿಯುವ ಸ್ಟೀಲ್ ತಟ್ಟೆ ಆಗುವುದಿಲ್ಲ. ಅದೇ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟದ ಗ್ರಾನೈಟಿನಲ್ಲೇ ಕಡೆದಿದ್ದಾರೆ. ಬೇಲೂರು, ಹಳೇಬೀಡಿನ ಸೂಕ್ಷ್ಮ ಕೆತ್ತನೆಗೆ ಮೃದುವಾದ ಬಳಪದ ಕಲ್ಲು ಒದಗಿತು. ಒಂದು ಕಡೆ ದೊಡ್ಡ ನಯವಾದ ಮೈ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಣ್ಣ ಕುಸುರಿ. ಈ ವ್ಯತ್ಯಾಸದಲ್ಲಿ ಕಲ್ಲಿನ ಗಡಸುತನದ ಪಾಲೂ ಇದೆ.

ಮೂರು ನಿಲುಗಡೆ, ಮೂರು ಪ್ರಶ್ನೆ

ಮಾರ್ಗದರ್ಶಿಯ ಕೆಲಸ ಹೆಸರು ಹೇಳುವುದಲ್ಲ. ಹೆಸರು ಕೇಳಿದ ಕೂಡಲೇ ಮಕ್ಕಳು ಅದನ್ನು ಬರೆದುಕೊಂಡು ನೋಡುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಪ್ರತಿ ನಿಲುಗಡೆಗೂ ಒಂದು ಪ್ರಶ್ನೆ, ಒಂದು ಪರೀಕ್ಷೆ, ಕೊನೆಯಲ್ಲಿ ಹೆಸರು ಎಂಬ ಕ್ರಮ ಇಟ್ಟುಕೊಂಡೆ. ಸಾಮಗ್ರಿಗಳು ಇಷ್ಟೇ: ಕಬ್ಬಿಣದ ಮೊಳೆ, ಗಾಜಿನ ಚೂರು, ಅಯಸ್ಕಾಂತ, ಭೂತಗನ್ನಡಿ, ದನ ಕಟ್ಟುವ ಹಗ್ಗ.

ಮೊದಲ ನಿಲುಗಡೆ ಮಳೆನೀರು ಹರಿದ ಹಳ್ಳದಲ್ಲಿ. ಪ್ರಶ್ನೆ: ಮರಳಿನಲ್ಲಿ ಕಪ್ಪು ಗೆರೆ ಏಕೆ? ಅಯಸ್ಕಾಂತವನ್ನು ಆಡಿಸಿದರೆ ಕಪ್ಪು ಕಣಗಳು ಮೀಸೆಯಂತೆ ಅಂಟುತ್ತವೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಭಾರವಾದ ಕಣವನ್ನು ನೀರು ಬೇಗ ಕೆಳಗೆ ಬಿಡುತ್ತದೆ, ಹಗುರವಾದದ್ದನ್ನು ಮುಂದೆ ಒಯ್ಯುತ್ತದೆ, ಆದ್ದರಿಂದಲೇ ಗೆರೆ. ಇದೇ ನೀರು ಹೇಮಾವತಿಗೆ, ಅಲ್ಲಿಂದ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುತ್ತದೆ ಎಂಬ ಮಾತು ಸಹಜವಾಗಿ ಬಂತು.

ಎರಡನೆಯದು ಇಳಿಜಾರಿನಲ್ಲಿ, ಬಗೆಬಗೆಯ ಕಲ್ಲು ಬಿದ್ದಿರುವಲ್ಲಿ. ಪ್ರಶ್ನೆ: ಯಾವ ಕಲ್ಲು ಯಾವುದನ್ನು ಗೀರುತ್ತದೆ? ಬೆಣಚುಕಲ್ಲು ಗಾಜನ್ನು ಗೀರುತ್ತದೆ. ಬಳಪದ ಕಲ್ಲನ್ನು ಉಗುರೇ ಗೀರುತ್ತದೆ. ಮೋಸ್ ಮಾಪಕದಲ್ಲಿ ಬೆಣಚು 7, ಬಳಪ 1. ಹೊಳೆಯುವ ಪದರಗಳನ್ನು ಮಕ್ಕಳು 'ಕಾಗೆಬಂಗಾರ' ಎಂದರು. ಅದೇ ಅಭ್ರಕ, ಪುಸ್ತಕದ ಮೈಕಾ. ಮೂರೂ ಒಂದೇ ಎಂದು ಬರೆದುಕೊಂಡಾಗ ಪುಸ್ತಕದ ಪದ ಮನೆಯ ಪದಕ್ಕೆ ಬೆಸೆಯಿತು. ಬಂಡೆಯ ಮೇಲಿನ ಬೂದುಹಸಿರು ಚಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿದ ಹುಡುಗಿಯೊಬ್ಬಳು, "ಮಿಸ್, ನಮ್ಮಮ್ಮ ಮಸಾಲೆಗೆ ಹಾಕೋ ಕಲ್ಲುಹೂ ಥರಾನೇ ಇದೆ" ಎಂದಳು. ಅದು ಕಲ್ಲುಹೂವಿನ ಬಳಗದ್ದೇ. ಶಿಲೀಂಧ್ರ ಮತ್ತು ಪಾಚಿ ಜೊತೆಯಾಗಿ ಬದುಕುವ ಸಹಜೀವನದ ಪಾಠ ಅಲ್ಲಿಗೇ ಬಂದಿತ್ತು.

ಮೂರನೆಯದು ನೆತ್ತಿಯ ಚಪ್ಪಟೆ ಬಂಡೆ. ಪ್ರಶ್ನೆ: ಈ ಬಂಡೆ ಎಷ್ಟು ಹಳೆಯದು? ಹಗ್ಗಗಳನ್ನು ಗಂಟು ಹಾಕಿ, ಒಂದು ಮೀಟರಿಗೆ 10 ಕೋಟಿ ವರ್ಷ ಎಂದು ಲೆಕ್ಕ ಹಿಡಿದೆವು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಅಂದರೆ 45 ಮೀಟರಿಗೂ ಸ್ವಲ್ಪ ಹೆಚ್ಚು. ನಮ್ಮ ಬಂಡೆ ಈ ತುದಿಯಿಂದ 33 ಮೀಟರ್ ಹಿಂದೆ. ಡೈನೋಸಾರ್‌ಗಳು ಅಳಿದದ್ದು 66 ಸೆಂಟಿಮೀಟರ್ ಹಿಂದೆ, ಹಿಮಾಲಯ ಏಳತೊಡಗಿದ್ದು ಸುಮಾರು ಅರ್ಧ ಮೀಟರ್ ಹಿಂದೆ. ಮನುಷ್ಯ ಜಾತಿಯ 3 ಲಕ್ಷ ವರ್ಷ 3 ಮಿಲಿಮೀಟರ್, ಹಗ್ಗದ ದಪ್ಪಕ್ಕಿಂತಲೂ ಕಡಿಮೆ. ಈ ಲೆಕ್ಕವನ್ನು ಮಕ್ಕಳೇ ಮಾಡಿದರು; ಅನುಪಾತದ ಪಾಠಕ್ಕೂ ಇದು ಅಭ್ಯಾಸವಾಯಿತು.

ಹೊರಗುಳಿಯುವವರು ಯಾರು?

ಪ್ರವಾಸಕ್ಕೆ ಹಣ ಕಟ್ಟಬೇಕು. ಹಣ ಕಟ್ಟಲಾಗದ ಮಗು "ನನಗೆ ಬಸ್ಸು ಆಗಲ್ಲ, ವಾಂತಿ ಬರುತ್ತೆ" ಎಂದು ಕಾರಣ ಹೇಳುತ್ತದೆ. ಪ್ರವಾಸದ ಮರುದಿನ ತರಗತಿಯಲ್ಲಿ ಉಳಿದವರು ನೋಡಿದ್ದನ್ನು ಹೇಳುವಾಗ ಆ ಮಗು ಸುಮ್ಮನೆ ಕೂರುತ್ತದೆ. ಬೋಧನಾಭ್ಯಾಸಕ್ಕೆ ಹೋದ ಬಹುತೇಕರು ಇದನ್ನು ಕಂಡಿರುತ್ತೀರಿ.

ಗುಡ್ಡಕ್ಕೆ ನಡೆದು ಹೋಗಲು ಯಾರೂ ಏನೂ ಕಟ್ಟಬೇಕಿರಲಿಲ್ಲ. ಎರಡನೇ ಶನಿವಾರದ ಗುಂಪಿನಲ್ಲಿ ರಜೆಯಲ್ಲಿ ಕುರಿ ಮೇಯಿಸುವ ಹುಡುಗನೊಬ್ಬನಿದ್ದ. ತರಗತಿಯಲ್ಲಿ ನಾನು ಕೇಳಿದ ಯಾವ ಪ್ರಶ್ನೆಗೂ ಅವನು ಕೈ ಎತ್ತಿದ್ದಿಲ್ಲ. ಇಳಿಜಾರಿನಲ್ಲಿ ನಾನು ಕಲ್ಲು ಹುಡುಕುತ್ತಿರುವಾಗ ಅವನೇ, "ಅಲ್ಲಲ್ಲ ಮಿಸ್, ಮೆತ್ತನೆ ಕಲ್ಲು ಆ ಕಡೆ ಐತೆ. ಅಜ್ಜಿ ಅದನ್ನ ಕುಟ್ಟಿ ರಂಗೋಲಿ ಪುಡಿ ಮಾಡ್ತಿತ್ತು" ಎಂದು ಕರೆದೊಯ್ದ. ಯಾವ ಪೊದೆಯ ಹತ್ತಿರ ಹೋಗಬಾರದು, ಯಾವ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲವೂ ಅವನಿಗೆ ಗೊತ್ತಿತ್ತು. ಉಳಿದ ಹನ್ನೊಂದು ಮಕ್ಕಳು ಅವನ ಹಿಂದೆ ನಡೆದರು. 'ಬಳಪದ ಕಲ್ಲು ಮೃದು ಏಕೆ?' ಎಂದು ಅಲ್ಲೇ ಕೇಳಿದ್ದು ಅವನೇ. ಪದರಗಳ ನಡುವಿನ ಬಂಧ ದುರ್ಬಲವಾಗಿರುವುದರಿಂದ ಒಂದರ ಮೇಲೊಂದು ಜಾರುತ್ತವೆ ಎಂದು ಇಸ್ಪೀಟೆಲೆಯ ಕಟ್ಟಿನ ಉದಾಹರಣೆ ಕೊಟ್ಟು ವಿವರಿಸಿದೆ.

ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮೊದಲ ಮಾರ್ಗದರ್ಶಿ ತತ್ವ. ಪರೀಕ್ಷೆಗೆ ಓದುವಾಗ ಅದು ಒಂದು ವಾಕ್ಯ. ಆ ಹುಡುಗನ ಹಿಂದೆ ನಡೆಯುವಾಗ ಅದರ ಅರ್ಥ ತಿಳಿಯುತ್ತದೆ: ಹೊರಗಿನ ಬದುಕಿನಲ್ಲಿ ಯಾರಿಗೆ ಹೆಚ್ಚು ಗೊತ್ತಿದೆಯೋ ಅವರಿಗೆ ತರಗತಿಯಲ್ಲಿ ಒಂದು ಸ್ಥಾನ ಸಿಗಬೇಕು.

ಸಿದ್ಧತೆ ಮತ್ತು ಸುರಕ್ಷತೆ

ಗುಂಪು ಚಿಕ್ಕದೆಂದು ಸಿದ್ಧತೆ ಕಡಿಮೆಯಾಗಬಾರದು. ನಾವು ಪಾಲಿಸಿದ ಕ್ರಮ ಹೀಗಿದೆ:

1. ಹೋಗುವ ಮೊದಲು ಅದೇ ದಾರಿಯನ್ನು ಅದೇ ಹೊತ್ತಿನಲ್ಲಿ ಪ್ರಶಿಕ್ಷಣಾರ್ಥಿ ನಡೆದು ನೋಡಬೇಕು. ನೆರಳು ಎಲ್ಲಿದೆ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಗುರುತಿಸಬೇಕು.

2. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಬರಹದಲ್ಲಿರಬೇಕು. ಗುಡ್ಡ ಗೋಮಾಳವೋ ಅರಣ್ಯವೋ ಎಂದು ತಿಳಿದು, ಅರಣ್ಯವಾದರೆ ವಲಯ ಅರಣ್ಯಾಧಿಕಾರಿಗಳ ಅನುಮತಿ ಪಡೆಯಬೇಕು.

3. ಶಾಲೆಯ ಕಾಯಂ ಶಿಕ್ಷಕರೊಬ್ಬರು ಜೊತೆಗಿರಬೇಕು. ಹುಡುಗಿಯರಿದ್ದರೆ ಒಬ್ಬ ಮಹಿಳೆ ಇರಲೇಬೇಕು. ಶೌಚಕ್ಕೆ ಎಲ್ಲಿ ನಿಲ್ಲುವುದೆಂದು ಮೊದಲೇ ನಿರ್ಧರಿಸಿ ಹೇಳಿರಬೇಕು. ಇದನ್ನು ಹೇಳದಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ.

4. ನದಿಗೆ, ಕೆರೆಗೆ, ನೀರು ತುಂಬಿದ ಹಳೆಯ ಕಲ್ಲುಗಣಿಯ ಗುಂಡಿಗೆ ಇಳಿಯುವುದಿಲ್ಲ. ಕಲ್ಲುಗಣಿ ಇರುವ ಗುಡ್ಡವನ್ನು ಆಯ್ಕೆಯೇ ಮಾಡಬಾರದು.

5. ಹೆಜ್ಜೇನು ಇರುವ ಬಂಡೆಯ ಬಳಿ ಗದ್ದಲ, ಹೊಗೆ, ಕಲ್ಲೆಸೆತ ಬೇಡ.

6. ಪ್ರತಿ ಮಗುವಿಗೆ ಒಂದು ಲೀಟರ್ ನೀರು. ಓಆರ್‌ಎಸ್ ಪೊಟ್ಟಣ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 108ಕ್ಕೆ ದಾರಿ ಹೇಳಲು ಹತ್ತಿರದ ರಸ್ತೆಯ ಗುರುತು.

7. ಹೊರಡುವಾಗ, ಪ್ರತಿ ನಿಲುಗಡೆಯಲ್ಲಿ, ಮರಳುವಾಗ ತಲೆ ಎಣಿಕೆ.

ಅನುಸರಣೆ ಮತ್ತು ಮೌಲ್ಯಮಾಪನ

ಮರಳಿದ ಮೇಲೆ 'ಪ್ರವಾಸದ ಅನುಭವ' ಎಂಬ ಪ್ರಬಂಧ ಬರೆಸಲಿಲ್ಲ. ಪ್ರತಿ ಮಗು ಒಂದು ಪುಟ ಬರೆಯಬೇಕಿತ್ತು: ಕಂಡದ್ದರ ಒಂದು ಚಿತ್ರ, ಮಾಡಿದ ಒಂದು ಪರೀಕ್ಷೆ, ಉತ್ತರ ಸಿಗದ ಒಂದು ಪ್ರಶ್ನೆ. ಮೂರನೆಯದಕ್ಕೇ ಹೆಚ್ಚು ತೂಕ. ಬಂದ ಪ್ರಶ್ನೆಗಳಲ್ಲಿ ಒಂದು: 'ಕಲ್ಲಿನ ವಯಸ್ಸು ಯಾರು ನೋಡಿದ್ದರು?' ಇದಕ್ಕೆ ಒಂದು ಪೂರ್ಣ ಅವಧಿ ಕೊಟ್ಟೆ. ಜಿರ್ಕಾನ್ ಎಂಬ ಸಣ್ಣ ಹರಳಿನೊಳಗೆ ಸಿಕ್ಕಿಬಿದ್ದ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಪಠ್ಯದಲ್ಲಿಲ್ಲದ ಈ ವಿಷಯವನ್ನು ಮಕ್ಕಳು ಕೊನೆಯವರೆಗೂ ಕೇಳಿದರು, ಪ್ರಶ್ನೆ ಅವರದಾಗಿತ್ತು.

ಪಾಠ ವೀಕ್ಷಣೆಗೆ ಬಂದ ಉಪನ್ಯಾಸಕರೊಬ್ಬರು, "ಒಂದೇ ಪಾಠಕ್ಕೆ ಮೂರು ಶನಿವಾರ ಕೊಟ್ಟರೆ ಪಠ್ಯ ಮುಗಿಯುವುದು ಯಾವಾಗ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಎಲ್ಲ ಪಾಠಕ್ಕೂ ಗುಡ್ಡ ಹತ್ತಲಾಗದು. ಆದರೆ ಒಂದೇ ನಡಿಗೆಯಲ್ಲಿ ಶಿಲೆ, ಸಹಜೀವನ, ಅನುಪಾತ, ನದಿಯ ಕೆಲಸ ಒಟ್ಟಿಗೆ ಬರುವುದಾದರೆ ವರ್ಷಕ್ಕೆ ಒಂದು ಸಲ ಈ ಸಮಯ ಕೊಡಬಹುದು. ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಸೇರಿ ಯೋಜಿಸಿದರೆ ಅವಧಿಗಳ ಹೊರೆಯೂ ಹಂಚಿಹೋಗುತ್ತದೆ.

ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವಗಳಿಂದ 'ಹಸುರು ಹೊನ್ನು' ಹುಟ್ಟಿತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಹೊರಾಂಗಣ ಪಾಠದ ಪರಂಪರೆ ಹೊಸದಲ್ಲ ಎಂಬುದಕ್ಕೆ ಇಷ್ಟು ಸಾಕು. ಮುಂದಿನ ಬ್ಯಾಚಿನ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದ ಶಾಲೆಗೆ ಹೋದ ಮೊದಲ ವಾರದಲ್ಲೇ ಎರಡು ಕೆಲಸ ಮಾಡಲಿ. ಶಾಲೆಯಿಂದ ನಡೆದು ಹೋಗಬಹುದಾದ ಗುಡ್ಡ, ಕೆರೆ, ತೋಪುಗಳ ನಕ್ಷೆ ಬರೆದುಕೊಳ್ಳಲಿ. ಆಮೇಲೆ, ಆ ಜಾಗ ಯಾವ ಮಗುವಿಗೆ ಚೆನ್ನಾಗಿ ಗೊತ್ತು ಎಂದು ವಿಚಾರಿಸಲಿ. ಪಾಠಯೋಜನೆ ಬರೆಯಲು ಅಲ್ಲಿಂದ ಆರಂಭಿಸಬಹುದು.