ಕ್ರಾಸಿಂಗ್ ಹೊಲದಲ್ಲಿ ಜೇನಿಗೆ ಪ್ರವೇಶವಿಲ್ಲ

ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆ ಹೊಲಗಳಲ್ಲಿ ಜೇನುಹುಳದ ಕೆಲಸವನ್ನು ಹೆಣ್ಣುಮಕ್ಕಳ ಬೆರಳುಗಳು ಮಾಡುತ್ತವೆ. ಇಲ್ಲಿನವರ ಬಾಯಲ್ಲಿ ಅದು ‘ಕ್ರಾಸಿಂಗ್’. ಹತ್ತಿಯಾದರೆ, ನಾಳೆ ಅರಳುವ ಮೊಗ್ಗನ್ನು ಇವತ್ತೇ ಮಧ್ಯಾಹ್ನದ ಮೇಲೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಕೇಸರವನ್ನೂ ಒಟ್ಟಿಗೇ ಸುಲಿದು ತೆಗೆಯಬೇಕು. ಉಗುರು ತುಸು ಆಳಕ್ಕಿಳಿದರೂ ಕಾಯಿ ಕಟ್ಟದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು, ಪರಾಗವನ್ನು ಸುಲಿದ ಮೊಗ್ಗಿನ ಶಲಾಕಾಗ್ರಕ್ಕೆ ಸವರಬೇಕು. ಪ್ರತಿ ಹೂವಿಗೂ ಹೀಗೇ. 1972ರಲ್ಲಿ ಧಾರವಾಡದಿಂದ ಬಂದ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯ ಬೀಜವೂ ಇಂಥ ಕೈಕೆಲಸದ್ದೇ.

ತಮಾಷೆಯೆಂದರೆ, ಈ ಹೊಲಕ್ಕೆ ನಿಜವಾದ ಜೇನು ಬರುವಂತಿಲ್ಲ. ಬಂದರೆ ಬೇರೆ ತಳಿಯ ಪರಾಗ ತಂದು ಬೀಜ ಕೆಡಿಸುತ್ತದೆ.

ಪಕ್ಕದ ಬ್ಯಾಡಗಿಯಲ್ಲಿ ಕಥೆ ಇನ್ನೂ ತೊಡಕಿನದು. ಮೆಣಸಿನ ಗಿಡದ ತಲೆತಗ್ಗಿಸಿದ ಬಿಳಿ ಹೂ ತನ್ನಷ್ಟಕ್ಕೇ ಕಾಯಿ ಕಟ್ಟಬಲ್ಲದು, ಹುಳ ಬಂದರೆ ಇನ್ನೂ ಚೆನ್ನಾಗಿ ಕಟ್ಟುತ್ತದೆ. ಆದರೆ ತುಡುವೆ, ಕೋಲ್ಜೇನುಗಳಿಗೆ ಬದುವಿನ ಲೆಕ್ಕವಿಲ್ಲ. ಮನೆಯ ಬೀಜವನ್ನೇ ಬಿತ್ತುವ ರೈತನ ‘ಡಬ್ಬಿ’ ತಳಿಯ ಮೆಣಸಿನಕಾಯಿಗೆ ಪಕ್ಕದ ಹೊಲದ ಹೈಬ್ರಿಡ್ ಬೆರೆತರೆ, ವರ್ಷಗಳಲ್ಲಿ ಸುಕ್ಕೂ ಬಣ್ಣವೂ ಬದಲಾಗಬಹುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಭೌಗೋಳಿಕ ಗುರುತು ಹೆಸರನ್ನು ಕಾಯುತ್ತದೆ, ಹೂವನ್ನಲ್ಲ. ಬೀಜಕ್ಕೆ ಬಿಟ್ಟ ಗಿಡಗಳಿಗಷ್ಟೇ ತೆಳು ಬಲೆ ಹೊದಿಸಿದರೆ ಸಾಕು, ಜೇನನ್ನು ದೂರುವ ಅಗತ್ಯವಿಲ್ಲ.

ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗೆ ಪರಾಗಸ್ಪರ್ಶಿ ಜೀವಿಗಳ ನೆರವು ಒಂದಿಷ್ಟಾದರೂ ಬೇಕೆಂದು 2016ರ ಅಂತರರಾಷ್ಟ್ರೀಯ ವರದಿಯೊಂದು ಹೇಳಿತು. ನನಗೆ ಈ ಅಂಕಿಗಿಂತ ಕ್ರಾಸಿಂಗ್ ಆಳುಗಳ ಪಗಾರದ ಲೆಕ್ಕವೇ ಹೆಚ್ಚು ಮನವರಿಕೆ ಮಾಡಿಸುತ್ತದೆ. ಬೀಜದ ಬೆಲೆ ಆ ಪಗಾರವನ್ನು ತಡೆದುಕೊಳ್ಳುತ್ತದೆ. ಸೂರ್ಯಕಾಂತಿಯ ಪ್ರತಿ ತೆನೆಗೂ ಆಳು ನಿಲ್ಲಿಸಲು ಯಾರಿಗೆ ಸಾಧ್ಯ? ಹುಳ ಬಾರದಿದ್ದರೆ ಅದರಲ್ಲಿ ಜೊಳ್ಳು ಹೆಚ್ಚುತ್ತದೆ.

ಆದರೆ ಆ ಹುಳಕ್ಕೆ ಮೇವೆಲ್ಲಿ? ರಾಣೆಬೆನ್ನೂರು, ಬ್ಯಾಡಗಿಗಳಿರುವ ಹಾವೇರಿ ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳ. ಅದರ ಪರಾಗ ಹೊರುವುದು ಗಾಳಿ. ಜೇನಿಗೆ ಅಲ್ಲಿ ಪರಾಗ ಸಿಕ್ಕೀತು, ಮಕರಂದವಿಲ್ಲ. ಅಕ್ಕಡಿ ಸಾಲಿನ ತೊಗರಿ, ಗುರೆಳ್ಳು ಇದ್ದಲ್ಲಿ ಎರಡೂ ಸಿಗುತ್ತವೆ. ಇದರ ಮೇಲೆ, ಹುಳಗಳು ಹೂವಿನ ಮೇಲಿರುವ ಬೆಳಗಿನ ಹೊತ್ತಿಗೇ ‘ಎಣ್ಣೆ’, ಅಂದರೆ ಕೀಟನಾಶಕ, ಹೊಡೆಯುವುದುಂಟು. ಸಿಂಪಡಣೆಯನ್ನು ಸಂಜೆಗೆ ಇಟ್ಟುಕೊಳ್ಳಲು ಖರ್ಚಿಲ್ಲ. ಬದುವಿನುದ್ದಕ್ಕೂ ಎರಡು ಸಾಲು ಗುರೆಳ್ಳು ಬಿತ್ತಲೂ ಹೆಚ್ಚೇನೂ ಬೇಕಿಲ್ಲ. ಜೇನಿಗೆ ಹೂವಾಯಿತು, ರೊಟ್ಟಿಗೆ ಚಟ್ನಿಪುಡಿಯೂ ಆಯಿತು.